ಬಸುರಿ ತಂಗಿಯ ಕುಡಿತವನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸಬಹುದಾ?

ಪ್ರಶ್ನೆ: ನಾವು ರಾಯಚೂರು ಜಿಲ್ಲೆಯ ಹಳ್ಳಿಯವರು. ನನ್ನ ತಂಗಿಗೆ 26 ವರ್ಷ. ಗಂಡನ ಜೊತೆ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದಳು. ಈಗ ಐದು ತಿಂಗಳ ಬಸುರಿ. ಎರಡು ವರ್ಷದ ಮಗಳೂ ಇದ್ದಾಳೆ. ತವರಿಗೆ ಬಂದ ಮೇಲೆ ಗೊತ್ತಾಯಿತು, ದಿನಾ ಎರಡು ಮೂರು ನೈಂಟಿ ಪ್ಯಾಕೆಟ್ ಕುಡಿಯುತ್ತಾಳೆ. ತಂಬಾಕೂ ಹಾಕುತ್ತಾಳೆ. ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಬೈದು ಕಳಿಸಿದರು. ರೂಮಿನಲ್ಲಿ ಕೂಡಿಹಾಕಿದರೆ ವಾರದಲ್ಲಿ ಸರಿಹೋಗುತ್ತಾಳೆ ಅಂತ ಅವ್ವ ಹೇಳುತ್ತಾಳೆ. ಅವಳ ಅತ್ತೆ ಮನೆಯವರು ಊಟದಲ್ಲಿ ಬೆರೆಸುವ ಪುಡಿ ತರಿಸಿದ್ದಾರೆ. ಆಸ್ಪತ್ರೆಗೆ ಸೇರಿದರೆ ಮಗಳನ್ನು ಕಿತ್ತುಕೊಳ್ಳುತ್ತಾರೆ ಅಂತ ತಂಗಿ ಅಳುತ್ತಾಳೆ. ನಾನೇನು ಮಾಡಲಿ?

ಉತ್ತರ: ಮೊದಲು ಎರಡು ಕೆಲಸ ಇವತ್ತೇ ಆಗಲಿ. ಆ ಪುಡಿಯನ್ನು ಎಸೆಯಿರಿ. ಆ ರೂಮಿಗೆ ಚಿಲಕ ಹಾಕಬೇಡಿ. ಮಿಕ್ಕಿದ್ದನ್ನು ಆಮೇಲೆ ನಿಧಾನವಾಗಿ ಓದಿ.

ಯಾಕೆ ಅಂತ ಹೇಳುತ್ತೇನೆ. ಒಂದು ನೈಂಟಿ ಪ್ಯಾಕೆಟ್ ಅಂದರೆ 90 ಎಂ.ಎಲ್. ಅದರಲ್ಲಿ ಹೆಚ್ಚುಕಡಿಮೆ 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ನಿಮ್ಮ ತಂಗಿ ದಿನಕ್ಕೆ 60ರಿಂದ 90 ಗ್ರಾಂ ಕುಡಿಯುತ್ತಿದ್ದಾರೆ ಅಂತಾಯಿತು. ದಿನಾ ಇಷ್ಟು ಕುಡಿಯುವವರ ಮೆದುಳು ಅದಕ್ಕೆ ಹೊಂದಿಕೊಂಡು ಬಿಟ್ಟಿರುತ್ತದೆ. ಒಂದೇ ಸಲ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಕೈ ನಡುಗುತ್ತದೆ, ಬೆವರು ಇಳಿಯುತ್ತದೆ, ಎದೆ ಬಡಿತ ಏರುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ದಿಕ್ಕು ತಪ್ಪಿದ ಹಾಗಾಗುತ್ತದೆ. ಇಲ್ಲದ ಹುಳ ಕಾಣುತ್ತದೆ, ಯಾರೋ ಕರೆದ ಹಾಗೆ ಕೇಳುತ್ತದೆ, ಜ್ವರ ಏರುತ್ತದೆ. ಈ ಸ್ಥಿತಿಯಲ್ಲಿ ಜೀವ ಹೋಗುವುದೂ ಉಂಟು. ಬಸುರಿಗೆ ಫಿಟ್ಸ್ ಬಂದರೆ ಹೊಟ್ಟೆಯಲ್ಲಿರುವ ಮಗುವಿಗೂ ಆಮ್ಲಜನಕ ಕಮ್ಮಿಯಾಗುತ್ತದೆ. ಚಿಲಕ ಹಾಕಿದ ರೂಮಿನಲ್ಲಿ ಇದೆಲ್ಲ ನಡೆದರೆ ಹೊರಗಿದ್ದವರಿಗೆ ಕೇಳಿಸುವುದು ಕೂಗಾಟ ಮಾತ್ರ. "ಕುಡಿಯೋಕೆ ಬೇಕು ಅಂತ ಒದ್ದಾಡ್ತಾಳೆ" ಅಂದುಕೊಂಡು ಸುಮ್ಮನಿರುತ್ತಾರೆ.

ಅವ್ವನಿಗೆ ಇದನ್ನು ಬಿಡಿಸಿ ಹೇಳಿ. ಅವರ ಉದ್ದೇಶ ಒಳ್ಳೆಯದೇ. ಆದರೆ ಆಸ್ಪತ್ರೆಯ ಹೊರಗೆ ಈ ಕೆಲಸ ಆಗಬಾರದು. ಆಸ್ಪತ್ರೆ ಮುಟ್ಟುವವರೆಗೆ ಬಲವಂತದಿಂದ ಪೂರ್ತಿ ನಿಲ್ಲಿಸಬೇಡಿ. ಹಾಗಂತ ಹೋಗುವುದನ್ನು ನಾಳೆ, ನಾಳಿದ್ದು, ಅಮಾವಾಸ್ಯೆ ಕಳೆಯಲಿ ಅಂತ ಮುಂದೆ ಹಾಕಲೂ ಬೇಡಿ. ನಡುವೆ ಫಿಟ್ಸ್ ಬಂದರೆ, ತಡಬಡ ಮಾತಾಡಿದರೆ, ರಕ್ತ ಕಂಡರೆ, ಮಗುವಿನ ಮಿಸುಕಾಟ ಗೊತ್ತಾಗಲು ಶುರುವಾಗಿದ್ದು ಆಮೇಲೆ ಕಮ್ಮಿಯಾದರೆ, ತಕ್ಷಣ 108ಕ್ಕೆ ಫೋನ್ ಮಾಡಿ.

ನಿಮ್ಮ ಭಾಗದವರಿಗೆ ಇನ್ನೊಂದು ಮಾತು. ಪ್ಯಾಕೆಟ್ ಅಲ್ಲದೆ ಹೆಂಡವೂ ಕುಡಿಯುತ್ತಾರಾ ಅಂತ ಕೇಳಿ. ರಾಯಚೂರು ಕಡೆ ಹೆಂಡಕ್ಕೆ ಸಿ.ಎಚ್. ಪೌಡರ್ ಬೆರೆಸುವ ದಂಧೆ ನಿಮಗೂ ಗೊತ್ತಿರಬಹುದು. ಅದು ನಿದ್ದೆ ಬರಿಸುವ ರಾಸಾಯನಿಕ. ಅದನ್ನು ತಟ್ಟನೆ ಬಿಟ್ಟರೂ ಫಿಟ್ಸ್ ಬರುತ್ತದೆ, ತಲೆ ಕೆಡುತ್ತದೆ. "ಹೆಂಡ ತಂಪು, ಬಸುರಿಗೆ ಒಳ್ಳೇದು" ಅಂತ ಹಿರಿಯರೇ ಕೊಡುವುದನ್ನೂ ನೋಡಿದ್ದೇನೆ. ಅದು ತಂಪಲ್ಲ. ಹೆಂಡವೂ ಆಲ್ಕೋಹಾಲೇ. ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ, ಯಾಕೆಂದರೆ ಔಷಧದ ಲೆಕ್ಕ ಇದರ ಮೇಲೆ ಬದಲಾಗುತ್ತದೆ.

ಇನ್ನು ಆ ಪುಡಿ. "ಗೊತ್ತಿಲ್ಲದ ಹಾಗೆ ಕುಡಿತ ಬಿಡಿಸಿ" ಅಂತ ಮಾರುವ ಪುಡಿಗಳಲ್ಲಿ ಕೆಲವು ಏನೆಂದು ಯಾರಿಗೂ ತಿಳಿಯದು. ಕೆಲವರು ಡೈಸಲ್ಫಿರಾಂ ಮಾತ್ರೆಯನ್ನೇ ಕುಟ್ಟಿ ಬೆರೆಸುತ್ತಾರೆ. ಅದು ಹೊಟ್ಟೆಯಲ್ಲಿದ್ದಾಗ ಒಂದು ಗುಟುಕು ಕುಡಿದರೂ ಮುಖ ಕೆಂಪಗಾಗಿ, ವಾಂತಿಯಾಗಿ, ಬಿ.ಪಿ. ಕುಸಿದು ಬೀಳಬಹುದು. ಗಂಡಸರಿಗೆ ಕೊಡುವಾಗಲೂ ನಾವು ಅವರ ಒಪ್ಪಿಗೆ ತೆಗೆದುಕೊಂಡು, ಪರೀಕ್ಷೆ ಮಾಡಿಸಿಯೇ ಕೊಡುವ ಔಷಧ ಅದು. ಬಸುರಿಗೆ ಕೊಡುವುದೇ ಇಲ್ಲ. ಊಟದಲ್ಲಿ ಏನೋ ಬೆರೆಸಿದ್ದರು ಅಂತ ಒಂದು ದಿನ ಗೊತ್ತಾದರೆ ನಿಮ್ಮ ತಂಗಿ ಮನೆಯವರ ಕೈಯ ತುತ್ತನ್ನೂ ನಂಬುವುದಿಲ್ಲ. ಬಸುರಿ ಹೊಟ್ಟೆ ತುಂಬ ಉಣ್ಣಬೇಕಾದ ಹೊತ್ತಿನಲ್ಲಿ ಅದು ಎಂಥ ನಷ್ಟ, ಅಲ್ವಾ?

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅವರಿಗೆ ಹೆದರಿಕೆ ಕಮ್ಮಿಯಾಗುತ್ತದೆ. ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ ದಾಖಲು ಮಾಡಿಕೊಳ್ಳುತ್ತಾರೆ. ನಡುಕ ಮತ್ತು ಫಿಟ್ಸ್ ತಡೆಯಲು ಮಾತ್ರೆ ಕೊಟ್ಟು, ದಿನದಿಂದ ದಿನಕ್ಕೆ ಇಳಿಸಿ ನಿಲ್ಲಿಸುತ್ತಾರೆ. "ಬಸುರಿಗೆ ಇಂಥ ಮಾತ್ರೆಯಾ?" ಅಂತ ಮನೆಯವರು ಗಾಬರಿಯಾಗುತ್ತಾರೆ. ಡಾಕ್ಟರ ಕಣ್ಣೆದುರು ಕೆಲವೇ ದಿನ ಕೊಡುವ ಆ ಮಾತ್ರೆಗಿಂತ ಫಿಟ್ಸಿನ ಅಪಾಯ ದೊಡ್ಡದು. ಹೆರಿಗೆ ಡಾಕ್ಟರ್ ಬಂದು ಮಗುವಿನ ಎದೆಬಡಿತ, ಬೆಳವಣಿಗೆ ನೋಡುತ್ತಾರೆ. ರಕ್ತ ಕಮ್ಮಿಯಿದೆಯಾ, ಲಿವರ್ ಹೇಗಿದೆ ಅಂತ ಪರೀಕ್ಷೆ ಆಗುತ್ತದೆ. ಸ್ಕ್ಯಾನ್ ಆಗಿರದಿದ್ದರೆ ಅದೂ ಆಗುತ್ತದೆ.

ಇಲ್ಲಿ ಒಂದು ಸಂಗತಿ ತುಂಬಾ ಮುಖ್ಯ. ನಮ್ಮ ಕಡೆ ಬಸುರಿ ಸುಸ್ತಾದಳು ಅಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ "ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ಕೇಳುವ ರೂಢಿ. ದಿನಾ ಕುಡಿಯುವವರಲ್ಲಿ, ಅದರಲ್ಲೂ ಸರಿಯಾಗಿ ಉಣ್ಣದೆ ವಾಂತಿ ಮಾಡಿಕೊಳ್ಳುವ ಬಸುರಿಯರಲ್ಲಿ, ವಿಟಮಿನ್ ಬಿ1 ತಳ ಮುಟ್ಟಿರುತ್ತದೆ. ಆ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ನೆನಪಿನ ಶಕ್ತಿ ಶಾಶ್ವತವಾಗಿ ಹೋದವರೂ ಇದ್ದಾರೆ. ಮೊದಲು ಬಿ1 ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಕುಡಿತದ ವಿಷಯ ಮುಚ್ಚಿಟ್ಟು ಡ್ರಿಪ್ ಹಾಕಿಸಿಕೊಂಡು ಬರುವುದು ಎಷ್ಟು ಅಪಾಯ ಅಂತ ಇದರಿಂದಲೇ ತಿಳಿಯುತ್ತದೆ.

ಆದರೆ ಅವರು ಮುಚ್ಚಿಡುತ್ತಾರೆ. ಯಾಕೆ ಮುಚ್ಚಿಡುತ್ತಾರೆ ಅನ್ನುವುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ.

ನಾನು ಈ ಕೆಲಸಕ್ಕೆ ಬಂದ ಹೊಸದು. ಏಳು ತಿಂಗಳ ಬಸುರಿ ಒಬ್ಬರು ಬಂದಿದ್ದರು. ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಎದೆಗೆ ಒತ್ತಿ ಹಿಡಿದಿದ್ದರು. ಹಿಂದೆ ಅತ್ತೆ ನಿಂತಿದ್ದರು. "ಕುಡಿತ, ತಂಬಾಕು ಏನಾದ್ರೂ ಇದೆಯಾ?" ಅಂತ ಕೇಳಿದೆ. "ಇಲ್ರೀ" ಅಂದರು. ನಾನು "ಇಲ್ಲ" ಅಂತ ಬರೆದುಕೊಂಡೆ. ಅವರು ಏಳುವಾಗ ಸೆರಗಿನ ತುದಿಯ ಗಂಟು ಸಡಿಲವಾಗಿ ಒಂದು ಚೀಟಿ ಕೆಳಗೆ ಬಿತ್ತು. ತಂಬಾಕು. ತಟ್ಟನೆ ಅದರ ಮೇಲೆ ಪಾದ ಇಟ್ಟು ಮುಚ್ಚಿಕೊಂಡರು. ನನ್ನ ಮುಖ ನೋಡಿದರು, ಅತ್ತೆಯ ಮುಖ ನೋಡಲಿಲ್ಲ. ಅತ್ತೆಯನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ ಮತ್ತೆ ಕೂರಿಸಿದೆ. "ಹೊಟ್ಟಿ ತೊಳಸೋದು ನಿಲ್ತದಂತ ಶುರು ಮಾಡಿದ್ನಿರೀ. ಈಗ ಮುಂಜಾನಿ ಅದು ಬಾಯಾಗ ಇಲ್ಲಾಂದ್ರ ತಲಿ ಸಿಡೀತದ" ಅಂದರು. ಹತ್ತು ನಿಮಿಷದಲ್ಲಿ ಉಳಿದದ್ದೂ ಬಂತು. ರಾತ್ರಿ ಗಂಡ ಹೊಡೆಯುವುದು, ಆಮೇಲೆ ಅವನೇ ಕುಡಿಸುವುದು, ಎಲ್ಲಾ.

ಅವತ್ತಿನಿಂದ ಅತ್ತೆಯ ಎದುರು, ಗಂಡನ ಎದುರು ನಾನು ಈ ಪ್ರಶ್ನೆ ಕೇಳುವುದಿಲ್ಲ. "ಇದೆಯಾ ಇಲ್ಲವಾ" ಅಂತಲೂ ಕೇಳುವುದಿಲ್ಲ. "ದಿನಕ್ಕೆ ಎಷ್ಟು ಸಲ ಎಲೆ ಅಡಿಕೆ ಹಾಕ್ತೀರಿ? ಅದರ ಜೊತೆ ಏನು ಸೇರಿಸ್ತೀರಿ?" ಅಂತ ಶುರು ಮಾಡುತ್ತೇನೆ. ಬಸುರಿಯರ ವ್ಯಸನದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಮೊದಲ ಮಾತು ಇದೇ: ಪ್ರತಿ ಬಸುರಿಯನ್ನೂ, ಪ್ರತಿ ಭೇಟಿಯಲ್ಲೂ ಕೇಳಿ. ಎಲ್ಲರನ್ನೂ ಕೇಳಿದಾಗ ಯಾರಿಗೂ ಅವಮಾನ ಅನಿಸುವುದಿಲ್ಲ.

ನಿಮ್ಮ ತಂಗಿಯನ್ನು ಬೈದು ಕಳಿಸಿದ ಕ್ಲಿನಿಕ್ಕಿನ ಬಗ್ಗೆ ನನಗೆ ನಿಜವಾಗಿಯೂ ಬೇಸರವಾಗಿದೆ. ಹೆದರಿಸಿದರೆ ಬಿಡುತ್ತಾರೆ ಅನ್ನುವುದನ್ನು ಬೇರೆ ದೇಶದಲ್ಲಿ ಮಾಡಿಯೂ ನೋಡಿದ್ದಾರೆ. ಅಮೆರಿಕದ ಚಾರ್ಲ್ಸ್‌ಟನ್ ಊರಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 1989ರಿಂದ ಬಸುರಿಯರ ಮೂತ್ರ ಪರೀಕ್ಷೆ ಮಾಡಿ, ಕೊಕೇನ್ ಕಂಡರೆ ಪೊಲೀಸರಿಗೆ ತಿಳಿಸುವ ಕ್ರಮ ಇತ್ತು. ಹೆತ್ತ ಕೂಡಲೇ ಬಂಧನಕ್ಕೆ ಒಳಗಾದವರೂ ಇದ್ದರು. 2001ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಪೊಲೀಸರಿಗೋಸ್ಕರ ಹೀಗೆ ಪರೀಕ್ಷೆ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಹೀಗೆ ಹೆದರಿಸಿದರೆ ಬಸುರಿಯರು ಚಟ ಬಿಡುವುದಿಲ್ಲ, ಆಸ್ಪತ್ರೆಗೆ ಬರುವುದನ್ನು ಬಿಡುತ್ತಾರೆ. ಆಗ ಮಗುವಿಗೆ ಸ್ಕ್ಯಾನೂ ಇಲ್ಲ, ತಾಯಿಗೆ ಕಬ್ಬಿಣದ ಮಾತ್ರೆಯೂ ಇಲ್ಲ.

ಈಗ ತಂಗಿಯ ದೊಡ್ಡ ಹೆದರಿಕೆಗೆ ಬರುತ್ತೇನೆ. ಮಗಳನ್ನು ಕಿತ್ತುಕೊಳ್ಳುತ್ತಾರಾ?

ಇಲ್ಲ. ಇದನ್ನು ಅವರಿಗೆ ಓದಿ ಹೇಳಿ. ನಮ್ಮ ದೇಶದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಕುಡಿತ ಮತ್ತು ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಗಳೂ ಅದರೊಳಗೆ ಬರುತ್ತವೆ. ಅದರ 21ನೇ ಸೆಕ್ಷನ್ ಹೇಳುವುದು ಇಷ್ಟು: ಇಂಥ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ನಿಮ್ಮ ತಂಗಿಯ ಮಗಳಿಗೆ ಎರಡು ವರ್ಷ. ತಾಯಿಯ ಜೊತೆಗೇ ಇರುವುದು ಅವಳ ಹಕ್ಕು. ತಾಯಿಯ ಸ್ಥಿತಿಯಿಂದ ಮಗುವಿಗೆ ಅಪಾಯ ಇದೆ ಅಂತ ಡಾಕ್ಟರಿಗೆ ಅನಿಸಿದರೆ, ಅಥವಾ ಮಗುವಿನ ಒಳಿತಿಗೇ ಬೇಕು ಅನಿಸಿದರೆ, ತಾತ್ಕಾಲಿಕವಾಗಿ ಬೇರೆ ಇಡಬಹುದು. ಆಗಲೂ ತಾಯಿ ಮಗುವನ್ನು ನೋಡಬಹುದು. 15 ದಿನಕ್ಕೊಮ್ಮೆ ಆ ನಿರ್ಧಾರವನ್ನು ಮತ್ತೆ ಪರಿಶೀಲಿಸಬೇಕು. 30 ದಿನ ದಾಟಿದರೆ ಮೇಲಿನ ಪ್ರಾಧಿಕಾರದ ಒಪ್ಪಿಗೆ ಬೇಕು. ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದೂ ಇದೇ ಕಾಯ್ದೆಯಲ್ಲಿದೆ.

ಕಾಯ್ದೆ ಹಾಗಿದ್ದರೂ ಎಲ್ಲಾ ಕಡೆ ವ್ಯವಸ್ಥೆ ಹಾಗಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಗಂಡಸರಲ್ಲಿ ಶೇ 27.3ರಷ್ಟು, ಹೆಂಗಸರಲ್ಲಿ ಶೇ 1.6ರಷ್ಟು ಜನ ಕುಡಿಯುತ್ತಾರೆ. ಹಾಗಾಗಿ ವ್ಯಸನಮುಕ್ತಿ ಕೇಂದ್ರ ಅಂದರೆ ಗಂಡಸರ ವಾರ್ಡ್ ಅಂತಲೇ ಕಟ್ಟಿಬಿಟ್ಟಿದ್ದಾರೆ. ಹೆಂಗಸರಿಗೆ ಬೇರೆ ಬಾತ್‌ರೂಮೂ ಇರುವುದಿಲ್ಲ, ತೊಟ್ಟಿಲ ಮಾತು ದೂರ. ಖಾಸಗಿ ಕೇಂದ್ರಕ್ಕೆ ಹೋಗುವುದಾದರೆ ಮೊದಲೇ ಫೋನ್ ಮಾಡಿ ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿದೆಯಾ? ಮನೋವೈದ್ಯರು ದಿನಾ ಬರುತ್ತಾರಾ? ಹೆಂಗಸರಿಗೆ ಬೇರೆ ಜಾಗ, ರಾತ್ರಿ ಹೆಣ್ಣು ಸಿಬ್ಬಂದಿ ಇದ್ದಾರಾ? ಮಗು ಜೊತೆಗಿರಬಹುದಾ? ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಬಂದರೆ ಯಾವ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ? ಉತ್ತರ ತಡವರಿಸಿದರೆ ಅಲ್ಲಿಗೆ ಬೇಡ. "ಬಿಟ್ಟು ಹೋಗಿ, ಮೂರು ತಿಂಗಳು ಯಾರೂ ನೋಡೋಕೆ ಬರಬೇಡಿ" ಅನ್ನುವ ಕಡೆಯಂತೂ ಬೇಡವೇ ಬೇಡ.

ನಿಮಗೆ ಹತ್ತಿರದಲ್ಲೇ ರಾಯಚೂರಿನ ರಿಮ್ಸ್ ಇದೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ದೊಡ್ಡ ಅನುಕೂಲ ಅಂದರೆ ಮನೋವೈದ್ಯರು, ಹೆರಿಗೆ ಡಾಕ್ಟರ್, ಮಕ್ಕಳ ಡಾಕ್ಟರ್ ಮೂವರೂ ಒಂದೇ ಆವರಣದಲ್ಲಿ ಸಿಗುತ್ತಾರೆ. ನಿಮ್ಮ ತಂಗಿಗೆ ಬೇಕಾಗಿರುವುದೂ ಅದೇ. ಬೆಂಗಳೂರಿಗೆ ವಾಪಸ್ ಹೋಗುವುದಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರ ಇದೆ. ಹೆರಿಗೆ ನಂತರ ಮನಸ್ಸಿನ ಕಾಯಿಲೆ ಬಂದ ತಾಯಂದಿರನ್ನು ಕೂಸಿನ ಜೊತೆಗೇ ದಾಖಲು ಮಾಡಿಕೊಳ್ಳುವ ತಾಯಿ-ಮಗು ಘಟಕವನ್ನು ದೇಶದಲ್ಲಿ ಮೊದಲು ತೆರೆದದ್ದೂ ನಿಮ್ಹಾನ್ಸೇ. ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ವ್ಯಸನದ ವಿಷಯಕ್ಕೇ ಅಂತ 14446 ಇದೆ. ಊರಿನ ಆಶಾ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಳ್ಳಿ. ದೊಡ್ಡಾಸ್ಪತ್ರೆಯ ದಾರಿ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

"ಐದು ತಿಂಗಳು ಕುಡಿದಾಯ್ತು, ಇನ್ನು ಬಿಟ್ಟು ಏನು ಪ್ರಯೋಜನ?" ತಂಗಿ ಇದನ್ನು ಕೇಳೇ ಕೇಳುತ್ತಾರೆ. ಮಗುವಿನ ಹೃದಯ, ಮುಖ ರೂಪುಗೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಮೆದುಳು ಹಾಗಲ್ಲ, ಒಂಬತ್ತೂ ತಿಂಗಳು ಬೆಳೆಯುತ್ತಲೇ ಇರುತ್ತದೆ. ಕುಡಿತದಿಂದ ಹುಟ್ಟುವ ಮಗುವಿಗೆ ತೂಕ ಕಮ್ಮಿಯಾಗುವುದು, ಮುಂದೆ ಕಲಿಕೆ ಮತ್ತು ನಡವಳಿಕೆಯ ತೊಂದರೆ ಬರುವುದು ಗೊತ್ತಿರುವ ವಿಷಯವೇ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಬಸುರಿಗೆ ಇಲ್ಲ. ಆದರೆ ಕುಡಿದ ಪ್ರತಿ ತಾಯಿಯ ಮಗುವಿಗೂ ತೊಂದರೆ ಆಗೇ ಆಗುತ್ತದೆ ಅಂತಲೂ ಇಲ್ಲ. ಇವತ್ತು ಬಿಟ್ಟರೆ ಇನ್ನು ನಾಲ್ಕು ತಿಂಗಳು ಆ ಮೆದುಳು ಆಲ್ಕೋಹಾಲ್ ಇಲ್ಲದೆ ಬೆಳೆಯುತ್ತದೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಎಲ್ಲವೂ ಕಾಣುವುದಿಲ್ಲ. ಹಾಗಾಗಿ ಸ್ಕ್ಯಾನ್ ಚೆನ್ನಾಗಿದೆ ಅಂತ ಮತ್ತೆ ಶುರು ಮಾಡುವುದು ಬೇಡ.

ತಂಬಾಕನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ಬಸುರಿ ಎಲೆ ಅಡಿಕೆ ಕೇಳಿದರೆ "ಬಯಕೆ, ಕೊಡಿ" ಅನ್ನುತ್ತಾರೆ. ಬೀಡಿ ಸೇದುವ ಹೆಂಗಸನ್ನು ಕಂಡರೆ ಮೂಗು ಮುರಿಯುವವರೇ ಕಡ್ಡಿಪುಡಿ ಹಾಕುವವಳನ್ನು ಏನೂ ಅನ್ನುವುದಿಲ್ಲ. 2004ರಲ್ಲಿ ಪ್ರಕಟವಾದ ಮುಂಬೈನ ಒಂದು ಅಧ್ಯಯನದಲ್ಲಿ ಬಾಯಿಗೆ ಹಾಕುವ ತಂಬಾಕು ಬಳಸುವ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಮ್ಮಿ ಇತ್ತು. ಹೆರಿಗೆಯೂ ಸುಮಾರು ಆರು ದಿನ ಮುಂಚೆ ಆಗಿತ್ತು. ಮೊದಲೇ ರಕ್ತ ಕಮ್ಮಿ ಇರುವ, ಎರಡೂವರೆ ಕೆ.ಜಿ. ಮುಟ್ಟಲು ಕಷ್ಟಪಡುವ ನಮ್ಮ ಕೂಸುಗಳಿಗೆ 105 ಗ್ರಾಂ ಸಣ್ಣದಲ್ಲ. ತಂಬಾಕು ತಟ್ಟನೆ ಬಿಟ್ಟರೆ ಫಿಟ್ಸ್ ಬರುವುದಿಲ್ಲ, ಅದನ್ನು ಮನೆಯಲ್ಲೇ ಬಿಡಬಹುದು. ಒಂದೆರಡು ವಾರ ಸಿಡುಕು, ತಲೆನೋವು ಇರುತ್ತದೆ. ಊಟ ಆದ ತಕ್ಷಣ ಬಾಯಿ ಬೇಡುತ್ತದೆ. ಆ ಹೊತ್ತಿಗೆ ಸೋಂಪು, ಒಣ ನೆಲ್ಲಿಕಾಯಿ ಕೈಗೆ ಸಿಗುವ ಹಾಗಿರಲಿ. ಅಡಿಕೆ ಬೇಡ, ಅದೂ ಕ್ಯಾನ್ಸರ್ ತರುವ ಪದಾರ್ಥವೇ. ನಿಕೋಟಿನ್ ಗಮ್ ಅಂಗಡಿಯಲ್ಲಿ ಸಿಗುತ್ತದೆ ಅಂತ ಸುಮ್ನೆ ತಂದು ಕೊಡಬೇಡಿ, ಡಾಕ್ಟರನ್ನು ಕೇಳಿ. 1800-11-2356 ತಂಬಾಕು ಬಿಡಲು ನೆರವಾಗುವ ಉಚಿತ ಸಂಖ್ಯೆ.

ನೋವಿನ ಮಾತ್ರೆ, ಇಂಜೆಕ್ಷನ್, ಬ್ರೌನ್ ಶುಗರ್ ರೀತಿಯ ಚಟ ಇರುವ ಬಸುರಿಯರಿಗೂ ಒಂದು ಮಾತು. ಅದನ್ನೂ ತಟ್ಟನೆ ನಿಲ್ಲಿಸಬಾರದು. ಬುಪ್ರೆನಾರ್ಫಿನ್ ಅಥವಾ ಮೆಥಡೋನ್ ಅನ್ನುವ ಔಷಧವನ್ನು ಡಾಕ್ಟರ ನಿಗಾದಲ್ಲಿ ಹೆರಿಗೆ ಆಗುವವರೆಗೂ, ಆಮೇಲೂ ಕೊಡುತ್ತಾರೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾರೆ" ಅನ್ನುವ ಮಾತು ನಂಬಬೇಡಿ. ಹುಟ್ಟಿದ ಕೂಸಿಗೆ ಕೆಲವು ದಿನ ನಡುಕ, ಕಿರಿಚಾಟ ಬರಬಹುದು. ಅದಕ್ಕೂ ಚಿಕಿತ್ಸೆ ಇದೆ. ಹೆರಿಗೆ ಮಾಡಿಸುವವರಿಗೆ ಮೊದಲೇ ಗೊತ್ತಿರಬೇಕು, ಅಷ್ಟೇ.

ಗಂಡನ ವಿಷಯ ನೀವು ಬರೆದಿಲ್ಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ತುಂಬಾ ಜನ ಮೊದಲ ಗುಟುಕು ಕುಡಿದದ್ದು ಗಂಡನ ಕೈಯಿಂದ. ದಿನವಿಡೀ ಇಟ್ಟಿಗೆ ಹೊತ್ತ ಮೈನೋವಿಗೆ, ಶೆಡ್ಡಿನಲ್ಲಿ ನಿದ್ದೆ ಬರಲಿ ಅಂತ. ಅವರು ಇನ್ನೂ ಕುಡಿಯುತ್ತಿದ್ದರೆ ಅವರಿಗೂ ಚಿಕಿತ್ಸೆ ಬೇಕು. ಇಲ್ಲದಿದ್ದರೆ ಅದೇ ಶೆಡ್ಡಿಗೆ ವಾಪಸ್ ಹೋದ ಮೊದಲ ವಾರವೇ ಪ್ಯಾಕೆಟ್ ತೆರೆಯುತ್ತದೆ. ಹೊಡೆತ ಇದೆಯಾ ಅಂತ ತಂಗಿಯನ್ನು ಒಬ್ಬರೇ ಇರುವಾಗ ಕೇಳಿ. ಇದ್ದರೆ 181 ಮಹಿಳಾ ಸಹಾಯವಾಣಿ ಇದೆ.

ಬಾಣಂತನಕ್ಕೆ ಈಗಲೇ ತಯಾರಾಗಿ. ಹೊಟ್ಟೆಯಲ್ಲಿ ಮಗು ಇದೆ ಅಂತ ಗಟ್ಟಿಯಾಗಿ ಬಿಟ್ಟವರು ಹೆತ್ತ ಮೇಲೆ ಜಾರುವುದು ಜಾಸ್ತಿ. ರಾತ್ರಿ ನಿದ್ದೆ ಇಲ್ಲ, ಮೈ ಸೋತಿದೆ, ಮನಸ್ಸು ಕುಗ್ಗಿದೆ. ಮನೆಗೆ ಬಂದವರೆಲ್ಲ ಕೂಸನ್ನು ಕೇಳುತ್ತಾರೆ, ತಾಯಿಯನ್ನು ಕೇಳುವವರಿಲ್ಲ. ಆಗಲೇ ಯಾರೋ ಹಿರಿಯರು "ಬಾಣಂತಿಗೆ ಎರಡು ಚಮಚ ಬ್ರಾಂಡಿ ಒಳ್ಳೇದು, ಶೀತ ಆಗಲ್ಲ" ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಆ ಎರಡು ಚಮಚ ಒಳಗೆ ಬರದ ಹಾಗೆ ನೋಡಿಕೊಳ್ಳುವವರು ನೀವೇ ಆಗಬೇಕು. ಊಟದ ನಂತರದ ವೀಳ್ಯದಲ್ಲಿ ತಂಬಾಕು ಸೇರದ ಹಾಗೂ ನೋಡಿಕೊಳ್ಳಿ.

ಕುಡಿತ ಬಿಟ್ಟ ತಾಯಿ ಧಾರಾಳವಾಗಿ ಎದೆಹಾಲು ಕೊಡಬಹುದು, ಕೊಡಲೇಬೇಕು. ಒಂದು ದಿನ ಜಾರಿ ಕುಡಿದರೆ ಆಲ್ಕೋಹಾಲ್ ರಕ್ತದಿಂದ ಹಾಲಿಗೂ ಬರುತ್ತದೆ. ಹಾಲು ಹಿಂಡಿ ಚೆಲ್ಲಿದರೆ ಅದು ಬೇಗ ಹೋಗುವುದಿಲ್ಲ. ರಕ್ತದಿಂದ ಇಳಿದಾಗಲೇ ಹಾಲಿನಿಂದಲೂ ಇಳಿಯುತ್ತದೆ. ಒಂದು ನೈಂಟಿ ಕುಡಿದಿದ್ದರೆ ಕಮ್ಮಿಯೆಂದರೂ ಆರರಿಂದ ಒಂಬತ್ತು ತಾಸು ಬೇಕು. ಅವತ್ತು ಕೂಸು ಅವರ ಮಗ್ಗುಲಲ್ಲಿ ಮಲಗುವುದು ಬೇಡ. ಅಮಲಿನಲ್ಲಿ ಮೈಮೇಲೆ ಹೊರಳಿದರೆ ಗೊತ್ತಾಗುವುದಿಲ್ಲ. ನೀವು ಅಥವಾ ಅವ್ವ ಪಕ್ಕದಲ್ಲಿ ಮಲಗಿಸಿಕೊಳ್ಳಿ. ಬೆಳಿಗ್ಗೆ ಬೈಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೆತ್ತು ಒಂದು ವರ್ಷದವರೆಗೂ ತಿಂಗಳಿಗೊಮ್ಮೆ ಆ ಭೇಟಿ ತಪ್ಪದಿರಲಿ.

ಸರಿ, ಈಗ ತಂಗಿಯ ಪಕ್ಕ ಹೋಗಿ ಕೂತುಕೊಳ್ಳಿ. "ನಾಳೆ ಬೆಳಿಗ್ಗೆ ಮೂವರೂ ಹೋಗೋಣ, ಪಾಪುವೂ ಜೊತೆಗೇ ಬರ್ತಾಳೆ" ಅಂತ ಹೇಳಿ. ಚೀಲಕ್ಕೆ ತಾಯಿ ಕಾರ್ಡ್, ಆಧಾರ್, ಹಳೆಯ ಸ್ಕ್ಯಾನ್ ಹಾಕಿಕೊಳ್ಳಿ. ಕುಡಿಯುವ ಪ್ಯಾಕೆಟ್ಟಿನ ಖಾಲಿ ಕವರ್ ಒಂದನ್ನೂ ಹಾಕಿ, ಡಾಕ್ಟರಿಗೆ ಅಳತೆ ತಿಳಿಯಲಿ. ಅದರ ಮೇಲೆ ಮಗಳ ಎರಡು ಜೊತೆ ಬಟ್ಟೆ ಇಡಿ, ತಂಗಿಗೆ ಕಾಣುವ ಹಾಗೆ.